ನೆರಳು ಒಂದೇ, ಇಂಗ್ಲಿಷಲ್ಲಿ ಎರಡು: ಶೇಡ್ ಯಾವಾಗ, ಶ್ಯಾಡೋ ಯಾವಾಗ?

ನಮ್ಮ ನೆಂಟರೊಬ್ಬರು ಊರ ಹೊರಗೆ ಸಣ್ಣದೊಂದು ನರ್ಸರಿ ಇಟ್ಟುಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಗಿಡಗಳಿಗೆ ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮನೆತನದಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವವನು ನಾನೇ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಫರ್ನ್, ಆಂಥೂರಿಯಂ, ಮನಿಪ್ಲಾಂಟ್, ಇವೆಲ್ಲ ಸುಡು ಬಿಸಿಲು ತಡೆಯದ ಗಿಡಗಳು. ಒಂದು ನಲವತ್ತು ಚೀಟಿಯ ಮೇಲೆ ‘ಕೀಪ್ ಇನ್ ಶ್ಯಾಡೋ’ ಎಂದು ದುಂಡಗೆ ಬರೆದುಕೊಟ್ಟೆ. ಎರಡು ದಿನ ಕಳೆದಿರಲಿಲ್ಲ, ಗಿಡ ಕೊಳ್ಳಲು ಬಂದ ಹೆಂಗಸೊಬ್ಬರು ಚೀಟಿ ಓದಿ ನಕ್ಕರಂತೆ. ‘ಯಾರ ನೆರಳಲ್ಲಿ ಇಡ್ಬೇಕು? ನಂದಾ, ನಮ್ಮ ಯಜಮಾನ್ರದ್ದಾ?’ ಎಂದು ಕೇಳಿದರಂತೆ.

ನೆಂಟರಿಗೆ ಜೋಕು ತಿಳಿಯಲಿಲ್ಲ. ರಾತ್ರಿ ನನಗೆ ಫೋನ್ ಮಾಡಿ, ‘ಅದೇನಪ್ಪಾ ಬರ್ದಿದೀಯ ನೀನು?’ ಎಂದರು. ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ಬರಬೇಕಾಗಿದ್ದದ್ದು ಶೇಡ್. ಇದು ಯಾಕೆ ತಪ್ಪಿತು, ಇನ್ನು ಮುಂದೆ ತಪ್ಪದೆ ಇರಲು ಏನು ಮಾಡಬೇಕು ಎಂದು ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಇಟ್ಟಿದ್ದೇನೆ.

ಮೊದಲು, ಎಡವುವುದು ಎಲ್ಲಿ ಎಂದು ನೋಡಿ

ಕನ್ನಡದಲ್ಲಿ ‘ನೆರಳು’ ಅಂದರೆ ಮುಗಿಯಿತು. ಹುಣಸೆ ಮರದ ಕೆಳಗೆ ಕೂತರೂ ನೆರಳು, ಗೋಡೆಯ ಮೇಲೆ ಬೆಕ್ಕು ಓಡಿದ ಹಾಗೆ ಕಂಡರೂ ನೆರಳು. ತಮಿಳಿನ ‘ನಿಳಲ್’, ತೆಲುಗಿನ ‘ನೀಡ’ ಕೂಡ ಹೀಗೇ ಎರಡೂ ಕೆಲಸ ಮಾಡುತ್ತವೆ. ಮಲಯಾಳಿಗಳು ಮಾತ್ರ ಬೇರೆ ಮಾಡಿದ್ದಾರೆ. ಕೂರುವುದಕ್ಕೆ ‘ತಣಲ್’, ಹಿಂಬಾಲಿಸುವುದಕ್ಕೆ ‘ನಿಳಲ್’. ಹಿಂದಿಯಲ್ಲೂ ‘ಛಾಂವ್’ ಬೇರೆ, ‘ಪರ್‌ಛಾಯೀ’ ಬೇರೆ. ಹಾಗಾಗಿ ಈ ವಿಷಯದಲ್ಲಿ ನಿಮ್ಮ ಮಲಯಾಳಿ ಸಹೋದ್ಯೋಗಿ ನಿಮಗಿಂತ ಕಡಿಮೆ ತಪ್ಪು ಮಾಡಿದರೆ ಅವರು ಹೆಚ್ಚು ಓದಿದ್ದಾರೆ ಎಂದೇನೂ ಅಲ್ಲ, ಅವರಿಗೆ ಆ ಎರಡು ಗೂಡು ಮನೆಯಿಂದಲೇ ಬಂದಿವೆ. ಫ್ರೆಂಚರಿಗೂ ಸ್ಪ್ಯಾನಿಷ್ ಮಾತಾಡುವವರಿಗೂ ನಮ್ಮ ಹಾಗೆ ಒಂದೇ ಪದ. ಅವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ.

ಸ್ವಾರಸ್ಯ ಏನೆಂದರೆ, ಇಂಗ್ಲಿಷಿನಲ್ಲೂ ಮೊದಲು ಇದ್ದದ್ದು ಒಂದೇ ಪದ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಮ್ಮ ಹಾಗೆ ವಿಭಕ್ತಿಗಳಿದ್ದವು. ಪ್ರಥಮಾ ವಿಭಕ್ತಿಯ ರೂಪ ಸವೆದು ಶೇಡ್ ಆಯಿತು, ಉಳಿದ ವಿಭಕ್ತಿಗಳ ರೂಪ ಶ್ಯಾಡೋ ಆಯಿತು. ನಮ್ಮಲ್ಲಿ ‘ಮರ’ ಒಂದು ಪದವಾಗಿ, ‘ಮರದ’ ಇನ್ನೊಂದು ಪದವಾಗಿ ಬೇರೆ ಬೇರೆ ಸಂಸಾರ ಹೂಡಿದ್ದರೆ ಹೇಗಿರುತ್ತಿತ್ತು, ಹಾಗೆ. ಹುಲ್ಲುಗಾವಲಿಗೆ ಅವರು ಹೇಳುವ ಮೀಡ್ ಮತ್ತು ಮೆಡೋ ಕೂಡ ಇಂಥದೇ ಅಣ್ಣತಮ್ಮಂದಿರು. ಅವಳಿಗಳಾದ್ದರಿಂದಲೇ ಇವನ್ನು ಗುರುತು ಹಿಡಿಯುವುದು ಕಷ್ಟ.

ಹೆಜ್ಜೆ 1: ನೋಡೋ ನೆರಳಾ, ಕೂರೋ ನೆರಳಾ?

ಇದೊಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಪಾಲು ಕೆಲಸ ಆಯಿತು. ನೀವು ಹೊರಗೆ ನಿಂತು ನೋಡುತ್ತಿರುವ, ಅಂಚು ಇರುವ, ಆಕಾರ ಇರುವ ನೆರಳು ಶ್ಯಾಡೋ. ನೀವು ಒಳಗೆ ಹೋಗಿ ಕೂರಬಹುದಾದ, ಗಾಡಿ ನಿಲ್ಲಿಸಬಹುದಾದ, ಬಟ್ಟೆ ಒಣಗಿಸಬಹುದಾದ ಜಾಗ ಶೇಡ್.

ಅನುಮಾನ ಬಂದರೆ ವಾಕ್ಯದಲ್ಲಿ ‘ನೆರಳು’ ತೆಗೆದು ‘ತಂಪು’ ಅಥವಾ ‘ಮರೆ’ ಹಾಕಿ ನೋಡಿ. ‘ಗಾಡಿ ನೆರಳಲ್ಲಿ ನಿಲ್ಸು’ ಅನ್ನುವುದನ್ನು ‘ಗಾಡಿ ತಂಪಲ್ಲಿ ನಿಲ್ಸು’ ಅನ್ನಬಹುದು. ಅರ್ಥ ಕೆಡಲಿಲ್ಲ, ಹಾಗಾದರೆ ಶೇಡ್. ‘ಮಗು ತನ್ನ ನೆರಳು ನೋಡಿ ಹೆದರಿತು’ ಅನ್ನುವುದನ್ನು ‘ತನ್ನ ತಂಪು ನೋಡಿ ಹೆದರಿತು’ ಅಂದರೆ ನಗು ಬರುತ್ತೆ, ಅಲ್ವಾ? ಹಾಗಾದರೆ ಶ್ಯಾಡೋ.

ಒಂದೇ ಮರಕ್ಕೆ ಎರಡೂ ಪದ ಬರುತ್ತವೆ ಎನ್ನುವುದು ಇಲ್ಲಿ ಗಮನಿಸಬೇಕಾದ ಮಾತು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮಲಗಿದಿರಿ, ಅದು ಶೇಡ್. ಸಂಜೆ ಅದೇ ಮರದ ನೆರಳು ಉದ್ದವಾಗಿ ಅಂಗಳ ದಾಟಿ ಎದುರುಮನೆ ಗೋಡೆ ಹತ್ತಿತು, ಅದು ಶ್ಯಾಡೋ. ಶ್ಯಾಡೋ ಉದ್ದ ಆಗುತ್ತೆ, ಗಿಡ್ಡ ಆಗುತ್ತೆ, ಕುಣಿಯುತ್ತೆ. ಶೇಡ್ ಇರುತ್ತೆ ಅಥವಾ ಇರಲ್ಲ. ಜಾಸ್ತಿ ಇರುತ್ತೆ ಅಥವಾ ಕಮ್ಮಿ ಇರುತ್ತೆ.

ನರ್ಸರಿಗೆ ಬಂದಿದ್ದ ಆ ಹೆಂಗಸು ಯಾಕೆ ನಕ್ಕರು ಎಂದು ಈಗ ಗೊತ್ತಾಗಿರಬೇಕು. ಶ್ಯಾಡೋ ಅಂದ ಕೂಡಲೇ ಅದಕ್ಕೆ ಒಬ್ಬ ಯಜಮಾನ ಬೇಕು.

ಹೆಜ್ಜೆ 2: ಎಣಿಸಿ ನೋಡಿ

ಶ್ಯಾಡೋ ಎಣಿಕೆಗೆ ಸಿಗುತ್ತೆ. ‘ಎ ಶ್ಯಾಡೋ’, ‘ಟೂ ಶ್ಯಾಡೋಸ್’. ಎರಡು ಬೀದಿದೀಪಗಳ ನಡುವೆ ನಿಂತರೆ ನಿಮಗೆ ಎರಡು ಶ್ಯಾಡೋ ಇರುತ್ತವೆ. ಮರದ ಕೆಳಗಿನ ಶೇಡ್ ಮಾತ್ರ ನೀರು, ಗಾಳಿ, ಅಕ್ಕಿಯ ಹಾಗೆ. ಎಣಿಸುವುದಿಲ್ಲ, ಅಳೆಯುತ್ತೇವೆ. ‘ಸಮ್ ಶೇಡ್’, ‘ಎ ಲಾಟ್ ಆಫ್ ಶೇಡ್’, ‘ಇನ್ ದ ಶೇಡ್’.

ಇಂಗ್ಲಿಷ್ ಮನೆಮಾತಾಗಿರುವವರ ಮುಂದೆ ‘ದೇರ್ ಆರ್ ಮೆನಿ ಶೇಡ್ಸ್ ಇನ್ ಅವರ್ ಗಾರ್ಡನ್’ ಅಂದರೆ ಅವರಿಗೆ ನಿಮ್ಮ ತೋಟದಲ್ಲಿ ಮರಗಳು ಕಾಣುವುದಿಲ್ಲ. ದೀಪದ ಬುರುಡೆಗೆ ಹಾಕುವ ಕವಚಗಳೋ, ಕಪ್ಪು ಕನ್ನಡಕಗಳೋ, ಬಣ್ಣಗಳೋ ಕಾಣುತ್ತವೆ. ‘ಶೇಡ್ಸ್’ ಎಂದು ಬಹುವಚನ ಆದ ಕೂಡಲೇ ಅದು ಸಾಮಾನ್ಯವಾಗಿ ಈ ಮೂರರಲ್ಲಿ ಒಂದು. ಅಮೆರಿಕದ ಆಡುಮಾತಿನಲ್ಲಿ ತಂಪು ಕನ್ನಡಕಕ್ಕೆ ಶೇಡ್ಸ್ ಅನ್ನುವುದು ಮಾಮೂಲಿ.

ಬಣ್ಣದ ಅರ್ಥ ನಮಗೆ ಹೇಳಿಕೊಡಬೇಕಾಗಿಲ್ಲ. ಬ್ಲೌಸ್ ಪೀಸಿಗೆ ಮ್ಯಾಚಿಂಗ್ ಸೆಂಟರಿಗೆ ಹೋದ ಯಾರೂ ಆ ಪದವನ್ನು ತಪ್ಪಾಗಿ ಬಳಸಿದ್ದನ್ನು ನಾನು ಕೇಳಿಲ್ಲ. ‘ಇದೇ ಕಲರ್ರು, ಒಂದು ಶೇಡ್ ಡಾರ್ಕ್ ಕೊಡಿ’ ಎನ್ನುವುದು ಒಳ್ಳೆಯ ಇಂಗ್ಲಿಷೇ. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಕೂಡ ಅದೇ. ಚಿತ್ರ ಬರೆಯುವವರ ಲೆಕ್ಕದಲ್ಲಿ ಇನ್ನೂ ಒಂದು ಕಟ್ಟುನಿಟ್ಟು ಇದೆ: ಬಣ್ಣಕ್ಕೆ ಕಪ್ಪು ಬೆರೆಸಿದರೆ ಶೇಡ್, ಬಿಳಿ ಬೆರೆಸಿದರೆ ಟಿಂಟ್. ಇಲ್ಲಿ ಶ್ಯಾಡೋ ಕಾಲಿಡುವುದಿಲ್ಲ. ಹಾಕಿಕೊಳ್ಳುವ ಐ ಶ್ಯಾಡೋ ಮಾತ್ರ ಇದಕ್ಕೆ ಹೊರತು. ಅದು ರೆಪ್ಪೆಯ ಮೇಲೆ ನೆರಳು ಬಿದ್ದ ಹಾಗೆ ಕಾಣಲಿ ಎಂದು ಹಚ್ಚುವುದು.

ಹೆಜ್ಜೆ 3: ಪಕ್ಕದಲ್ಲಿರುವ ಕ್ರಿಯಾಪದ ನೋಡಿ

ನೆರಳು ‘ಬಿತ್ತು’ ಅಂದರೆ ಶ್ಯಾಡೋ, ನೆರಳು ‘ಕೊಡುತ್ತೆ’ ಅಂದರೆ ಶೇಡ್. ಇಂಗ್ಲಿಷಿನಲ್ಲಿ ಶ್ಯಾಡೋವನ್ನು ‘ಕಾಸ್ಟ್’ ಮಾಡುತ್ತಾರೆ, ಶೇಡನ್ನು ‘ಗಿವ್’ ಅಥವಾ ‘ಪ್ರೊವೈಡ್’ ಮಾಡುತ್ತಾರೆ.

ಈ ಪದಗಳೇ ಕ್ರಿಯಾಪದ ಆದರೆ ದಾರಿ ಪೂರ್ತಿ ಬೇರೆಯಾಗುತ್ತೆ. ಹಣೆಗೆ ಕೈ ಅಡ್ಡ ಹಿಡಿದು ಬಿಸಿಲು ತಪ್ಪಿಸಿಕೊಂಡರೆ ‘ಶೇಡ್ ಯುವರ್ ಐಸ್’. ಪರೀಕ್ಷೆಯ ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬಿಸುವುದೂ ಶೇಡ್ ಮಾಡುವುದೇ. ಶ್ಯಾಡೋ ಮಾಡುವುದು ಅಂದರೆ ಒಬ್ಬರ ಹಿಂದೆಯೇ ಇರುವುದು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹೊಸದಾಗಿ ಸೇರಿದವರನ್ನು ‘ಎರಡು ವಾರ ಇವರನ್ನು ಶ್ಯಾಡೋ ಮಾಡು’ ಎಂದು ಹಳಬರೊಬ್ಬರ ಪಕ್ಕ ಕೂರಿಸುತ್ತಾರೆ. ಅವರು ಕೆಲಸ ಮಾಡುವುದನ್ನು ನೋಡುತ್ತಾ ಕಲಿ ಎಂದರ್ಥ. ಬ್ರಿಟನ್ನಿನಲ್ಲಿ ವಿರೋಧ ಪಕ್ಷದವರು ಸರ್ಕಾರದ ಒಬ್ಬೊಬ್ಬ ಮಂತ್ರಿಗೂ ತಮ್ಮ ಕಡೆಯಿಂದ ಒಬ್ಬೊಬ್ಬರನ್ನು ನೇಮಿಸಿ ಶ್ಯಾಡೋ ಕ್ಯಾಬಿನೆಟ್ ಮಾಡುವುದೂ ಇದೇ ಅರ್ಥದಿಂದ.

ಶೆಡ್ ಬೇರೆ. ಕಾರು ನಿಲ್ಲಿಸಲು ತಗಡು ಹೊದಿಸಿದ್ದು ಶೆಡ್. ಅದರ ಕೆಳಗೆ ಸಿಗುವುದು ಶೇಡ್. ಬಾಡಿಗೆ ಬೋರ್ಡುಗಳಲ್ಲಿ ‘ಕಾರ್ ಶೇಡ್ ಇದೆ’ ಎಂದು ಬರೆದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪರವಾಗಿಲ್ಲ, ಎರಡೂ ಇದೆ ಎಂದುಕೊಳ್ಳೋಣ.

ಹೆಜ್ಜೆ 4: ಸುತ್ತಮುತ್ತ ಇರುವ ಉದಾಹರಣೆಗಳಲ್ಲಿ ಪರೀಕ್ಷಿಸಿ

ನಿಯಮ ಓದಿದರೆ ಮರೆತುಹೋಗುತ್ತೆ. ಕಣ್ಣಾರೆ ಕಂಡಿದ್ದಕ್ಕೆ ಕಟ್ಟಿದರೆ ಉಳಿಯುತ್ತೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಶೇಡ್ ದಿನನಿತ್ಯದ ಮಾತು. ನಮ್ಮ ಕಾಫಿ ಬೆಳೆಯುವುದೇ ಮರಗಳ ಕೆಳಗೆ. ಅರೇಬಿಕಾಗೆ ನೆರಳು ಜಾಸ್ತಿ ಬೇಕು, ರೊಬಸ್ಟಾ ಸ್ವಲ್ಪ ಬಿಸಿಲು ತಡೆಯುತ್ತೆ. ಸಿಲ್ವರ್ ಓಕ್ ಮರ ಕಾಫಿಗೆ ನೆರಳನ್ನೂ ಕೊಡುತ್ತೆ, ಮೆಣಸಿನ ಬಳ್ಳಿಗೆ ಆಸರೆಯೂ ಆಗುತ್ತೆ. ನೆರಳು ಹೆಚ್ಚಾದಾಗ ಕೊಂಬೆ ಕಡಿದು ಬೆಳಕು ಬಿಡುವ ಕೆಲಸಕ್ಕೆ ಅಲ್ಲಿ ಮರಗಸಿ ಎಂಬ ಚೆಂದದ ಹೆಸರಿದೆ. ಇಂಗ್ಲಿಷಿನಲ್ಲಿ ಅದು ಶೇಡ್ ರೆಗ್ಯುಲೇಶನ್. ಪೊಟ್ಟಣದ ಮೇಲೆ ‘ಶೇಡ್ ಗ್ರೋನ್ ಕಾಫಿ’ ಎಂದು ಬರೆಯುತ್ತಾರೆ. ಅದನ್ನೇ ‘ಶ್ಯಾಡೋ ಗ್ರೋನ್’ ಎಂದು ಬರೆದರೆ ಕಾಫಿ ಗಿಡದ ಹಿಂದೆ ಯಾರೋ ಕದ್ದು ನಿಂತ ಹಾಗಾಗುತ್ತೆ. ತರಕಾರಿ ಸಸಿ ಬೆಳೆಸುವವರು ಕಟ್ಟುವ ಹಸಿರು ಬಲೆ ಕೂಡ ಶೇಡ್ ನೆಟ್. ಅದರ ಮೇಲಿನ 50% ಅಥವಾ 75% ಅಂದರೆ ಅಷ್ಟು ಭಾಗ ಬಿಸಿಲನ್ನು ತಡೆಯುತ್ತೆ ಎಂದರ್ಥ. ನೋಡಿ, ಇಲ್ಲೂ ಅಳೆಯುವುದೇ, ಎಣಿಸುವುದಲ್ಲ.

ಬೇಸಿಗೆಯಲ್ಲಿ ‘ರಾಯಚೂರಿನಲ್ಲಿ 42 ಡಿಗ್ರಿ’ ಎಂದು ಸುದ್ದಿ ಬರುತ್ತಲ್ಲ, ಅದು ಇಂಗ್ಲಿಷಿನವರು ಹೇಳುವ ‘ಇನ್ ದ ಶೇಡ್’ ಲೆಕ್ಕ. ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರನ್ನು ಬಿಸಿಲಿಗೆ ಹಿಡಿಯುವುದಿಲ್ಲ. ಗಾಳಿಯಾಡುವ ಪಟ್ಟಿಗಳಿರುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಎತ್ತರದಲ್ಲಿ ಇಡುತ್ತಾರೆ. ಆ ಪೆಟ್ಟಿಗೆಯ ವಿನ್ಯಾಸ ಸ್ಕಾಟ್ಲೆಂಡಿನಲ್ಲಿ ಲೈಟ್‌ಹೌಸ್ ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಅವರದ್ದು. ನೆರಳಲ್ಲೇ 42 ಇದ್ದರೆ ಬಿಸಿಲಲ್ಲಿ ನಿಂತವರ ಗತಿ ಏನು ಎಂದು ನೀವೇ ಊಹಿಸಿಕೊಳ್ಳಿ.

ಇನ್ನು ಶ್ಯಾಡೋ ಕಡೆ ಬನ್ನಿ. ತೊಗಲು ಗೊಂಬೆಯಾಟ ಶ್ಯಾಡೋ ಪಪೆಟ್ರಿ. ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಚರ್ಮದ ಗೊಂಬೆ, ಈಚೆ ಕೂತ ನಾವು ನೋಡುವುದು ಆಕಾರ. ತೊಗಲು ತೆಳ್ಳಗಿದ್ದು ಬಣ್ಣ ಹಚ್ಚಿರುವುದರಿಂದ ನಮ್ಮ ಗೊಂಬೆಗಳ ನೆರಳೂ ಬಣ್ಣಬಣ್ಣದ್ದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ.

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ದೊಡ್ಡ ಗೋಪುರದ ತಲೆಕೆಳಗಾದ ನೆರಳು ಗೋಡೆಯ ಮೇಲೆ ಬೀಳುವುದನ್ನು ನೀವೂ ನೋಡಿರಬಹುದು. ಅದನ್ನು ‘ಇನ್ವರ್ಟೆಡ್ ಶ್ಯಾಡೋ’ ಅನ್ನುತ್ತಾರೆ. ಶೇಡ್ ಅನ್ನದೆ ಶ್ಯಾಡೋ ಅಂದದ್ದೇನೋ ಸರಿ, ಅಲ್ಲಿ ಆಕಾರವೇ ಮುಖ್ಯ. ಆದರೆ ವಿಜ್ಞಾನದ ಮೇಷ್ಟ್ರು ಪಕ್ಕದಲ್ಲಿದ್ದರೆ ಅದನ್ನೂ ಒಪ್ಪುವುದಿಲ್ಲ. ನಿಜವಾದ ನೆರಳು ತಲೆಕೆಳಗಾಗುವುದಿಲ್ಲ. ಸಣ್ಣ ಕಿಂಡಿಯಿಂದ ಬೆಳಕು ಒಳಬಂದು ಮೂಡಿಸಿದ ಬಿಂಬ ಅದು, ಪಿನ್‌ಹೋಲ್ ಕ್ಯಾಮೆರಾದ ಹಾಗೆ. ಇಂಗ್ಲಿಷಿನಲ್ಲಿ ಅದಕ್ಕೆ ಇಮೇಜ್ ಅನ್ನುವುದು ಸರಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಝೀರೋ ಶ್ಯಾಡೋ ಡೇ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24 ಅಥವಾ 25ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ, ಮಧ್ಯಾಹ್ನ 12 ದಾಟಿದ ಮೇಲೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬದ ನೆರಳು ಅದರ ಬುಡದಲ್ಲೇ ಅಡಗಿ ಕಾಣದೆ ಹೋಗುತ್ತೆ. ಕರ್ಕಾಟಕ ಮತ್ತು ಮಕರ ವೃತ್ತಗಳ ನಡುವೆ ಇರುವ ಊರುಗಳಿಗೆ ಮಾತ್ರ ಈ ಭಾಗ್ಯ. ಲಂಡನ್ನಿನವರಿಗೆ ಎಂದೂ ಇಲ್ಲ. ಆ ದಿನ ಆ ಹೊತ್ತಿಗೆ ನೀವು ಬಯಲಿಗೆ ಹೋಗಿ ನಿಂತರೆ ನಿಮ್ಮ ಶ್ಯಾಡೋ ಕಾಲಡಿಗೆ ಸೇರಿಹೋಗಿರುತ್ತೆ. ಪಕ್ಕದ ಮಳೆಮರದ ಕೆಳಗೆ ಹೋದರೆ ಶೇಡ್ ಎಂದಿನಂತೆ ತಂಪಾಗಿರುತ್ತೆ. ‘ಝೀರೋ ಶೇಡ್ ಡೇ’ ಎಂದು ಯಾರಾದರೂ ಬರೆದರೆ ಅದು ಊರಿನ ಮರಗಳನ್ನೆಲ್ಲ ಕಡಿದು ಹಾಕಿದ ದಿನ ಎಂದಾಗುತ್ತೆ. ಬೆಂಗಳೂರಿನ ಕೆಲವು ರಸ್ತೆಗಳಲ್ಲಿ ಅದೂ ಬಂದು ಹೋಗಿದೆ ಅನ್ನಿ.

ಹೆಜ್ಜೆ 5: ನಿಯಮ ಸಡಿಲ ಆಗುವ ಕಡೆ ಹೆದರಬೇಡಿ

ದೊಡ್ಡ ವಸ್ತುಗಳ ವಿಷಯದಲ್ಲಿ ಶ್ಯಾಡೋದ ಒಳಗೂ ಕೂರಬಹುದು. ಬೆಟ್ಟದ ಬುಡದ ಊರು ‘ಇನ್ ದ ಶ್ಯಾಡೋ ಆಫ್ ದ ಹಿಲ್’ ಇರುತ್ತೆ. ಅಲ್ಲಿ ತಂಪಿನ ಮಾತಿಲ್ಲ. ಆ ಬೆಟ್ಟ ಎಷ್ಟು ದೊಡ್ಡದು, ಊರಿನ ಮೇಲೆ ಹೇಗೆ ಬಾಗಿ ನಿಂತಿದೆ ಎನ್ನುವುದೇ ಮುಖ್ಯ.

ನಮ್ಮ ಪಠ್ಯಪುಸ್ತಕದ ‘ಮಳೆ ನೆರಳಿನ ಪ್ರದೇಶ’ ನೆನಪಿದೆಯಾ? ಇಂಗ್ಲಿಷಿನಲ್ಲಿ ಅದು ರೇನ್ ಶ್ಯಾಡೋ. ಪಶ್ಚಿಮ ಘಟ್ಟ ಮಳೆಯ ಮೋಡಗಳನ್ನು ತಡೆದು ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಸುತ್ತೆ. ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಇಲ್ಲದ ಚಳ್ಳಕೆರೆಗೆ ಸಿಗುವುದು 500 ಮಿ.ಮೀ. ಆಸುಪಾಸು. ಹೆಸರಿನಲ್ಲಿ ನೆರಳಿದೆ, ಆದರೆ ಆ ಸೀಮೆಯ ಬಿಸಿಲು ಕಂಡವರು ಅದನ್ನು ಕನಸಿನಲ್ಲೂ ಶೇಡ್ ಅನ್ನುವುದಿಲ್ಲ.

ಹೆಜ್ಜೆ 6: ಭಾಷಣದಲ್ಲಿ ‘ನೆರಳು’ ಬಂದರೆ ಪೂರ್ತಿ ನಿಲ್ಲಿಸಿ

ಇದುವರೆಗಿನದು ವ್ಯಾಕರಣ. ತಪ್ಪಿದರೆ ಒಂದು ನಗು, ಅಷ್ಟೇ. ಇಲ್ಲಿ ತಪ್ಪಿದರೆ ಮನಸ್ಸು ಮುರಿಯುತ್ತೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡದಲ್ಲಿ ‘ಅವರ ನೆರಳಲ್ಲಿ ಬೆಳೆದೆ’ ಅನ್ನುವುದು ದೊಡ್ಡ ಕೃತಜ್ಞತೆ. ಅವರು ಬಿಸಿಲು ತಾಗದಂತೆ ನನ್ನನ್ನು ಕಾಪಾಡಿದರು ಎಂದು ಅರ್ಥ. ಮನೆಯ ಹಿರಿಯರನ್ನು ದೊಡ್ಡ ಮರಕ್ಕೆ ಹೋಲಿಸುತ್ತೇವೆ, ‘ನಿಮ್ಮ ನೆರಳು ನಮ್ಮ ಮೇಲೆ ಇರಲಿ’ ಅನ್ನುತ್ತೇವೆ. ಇದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ಗ್ರೂ ಅಪ್ ಇನ್ ಹಿಸ್ ಶ್ಯಾಡೋ’ ಅಂದರೆ ಅದು ದೂರು. ‘ಅವರು ಎದುರಿಗಿದ್ದದ್ದಕ್ಕೆ ನನ್ನನ್ನು ಯಾರೂ ಗಮನಿಸಲಿಲ್ಲ, ನಾನು ಮಂಕಾಗಿಯೇ ಉಳಿದೆ’ ಎಂದು ಕೇಳುವವರಿಗೆ ಮುಟ್ಟುತ್ತೆ. ಹಳೆಯ ಕಚೇರಿಯೊಂದರಲ್ಲಿ ಮೇಲಧಿಕಾರಿಯ ಬೀಳ್ಕೊಡುಗೆ ದಿನ ನಮ್ಮವರೊಬ್ಬರು ಕಣ್ಣು ತುಂಬಿಕೊಂಡು ‘ವಿ ವರ್ ಆಲ್ವೇಸ್ ಇನ್ ಯುವರ್ ಶ್ಯಾಡೋ, ಸರ್’ ಅಂದರು. ಕನ್ನಡಿಗರೆಲ್ಲ ತಲೆದೂಗಿದೆವು. ಹೊರದೇಶದಿಂದ ಬಂದಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು.

ಶೇಡ್ ಹಾಕಿದರೂ ಸರಿಹೋಗುವುದಿಲ್ಲ. ‘ಇನ್ ಹಿಸ್ ಶೇಡ್’ ಅಂದರೆ ಅವರಿಗೆ ಏನೂ ಅರ್ಥವಾಗುವುದಿಲ್ಲ. ‘ಥ್ರೋ ಶೇಡ್’ ಅಂದರಂತೂ ಈಗಿನ ಹುಡುಗರ ಆಡುಮಾತಿನಲ್ಲಿ ನಯವಾಗಿ ಕುಟುಕುವುದು, ಮುಸುಕಿನೊಳಗೆ ಗುದ್ದುವುದು. ಹಾಗಾಗಿ ಇಂಥ ಕಡೆ ನೆರಳನ್ನೇ ಬಿಟ್ಟುಬಿಡಿ. ‘ಅಂಡರ್ ಹಿಸ್ ಗೈಡೆನ್ಸ್’ ಅಥವಾ ‘ಅಂಡರ್ ಹರ್ ಕೇರ್’ ಅನ್ನಿ. ಇಂಗ್ಲಿಷಿನವರು ಇದೇ ಭಾವಕ್ಕೆ ಹಕ್ಕಿಯ ರೆಕ್ಕೆಯನ್ನು ಕರೆತರುತ್ತಾರೆ, ‘ಅಂಡರ್ ಹಿಸ್ ವಿಂಗ್’ ಅನ್ನುತ್ತಾರೆ. ನನಗನ್ನಿಸುವುದು ಇಷ್ಟು: ವರ್ಷದ ಎಂಟು ತಿಂಗಳು ಬಿಸಿಲಿಗೆ ಬೇಯುವ ನಮಗೆ ನೆರಳು ಅಂದರೆ ವರ. ಬಿಸಿಲಿಗಾಗಿ ಕಾಯುವ ಊರಿನವರಿಗೆ ಯಾರಾದರೂ ಅಡ್ಡ ನಿಂತರೆ ಸಿಟ್ಟು ಬರುವುದು ಸಹಜ.

ಗುಣವಾಚಕಗಳಲ್ಲೂ ಹುಷಾರು. ‘ಶೇಡಿ ಸ್ಟ್ರೀಟ್’ ಅಂದರೆ ಮರಗಳಿರುವ ತಂಪು ಬೀದಿ ಆಗಬಹುದು. ‘ಶೇಡಿ ಮ್ಯಾನ್’ ಅಂದರೆ ನಂಬಲು ಆಗದ ಆಸಾಮಿ. ಸೈಟು ಮಾರಲು ಜಾಹೀರಾತು ಕೊಡುವವರು ‘ಶೇಡಿ ಪ್ಲಾಟ್’ ಎಂದು ಬರೆಯದೆ ಇರುವುದು ವಾಸಿ. ‘ಪ್ಲಾಟ್ ವಿತ್ ಟ್ರೀಸ್’ ಅಂದರೆ ಯಾರಿಗೂ ಅನುಮಾನ ಬರಲ್ಲ.

ಕೊನೆಗೆ, ನಾಲ್ಕು ವಾಕ್ಯ ನೀವೇ ಮಾಡಿ ನೋಡಿ

‘ಮಾತ್ರೆಗಳನ್ನು ನೆರಳಲ್ಲಿ ಇಡಿ.’ ‘ನಾಯಿ ತನ್ನ ನೆರಳಿನ ಜೊತೆ ಆಡ್ತಿದೆ.’ ‘ಕಿಟಕಿ ಮೇಲಿನ ಸಜ್ಜಾದಿಂದ ಕೋಣೆಗೆ ನೆರಳು.’ ‘ಫೋಟೋದಲ್ಲಿ ನಿನ್ನ ಮುಖದ ಮೇಲೆ ನನ್ನ ಫೋನಿನ ನೆರಳು ಬಿದ್ದಿದೆ.’ ಎರಡನೆಯದೂ ನಾಲ್ಕನೆಯದೂ ಶ್ಯಾಡೋ. ಮೂರನೆಯದು ಶೇಡ್, ಆ ಸಜ್ಜಾದ ಇಂಗ್ಲಿಷ್ ಹೆಸರೇ ಸನ್‌ಶೇಡ್. ಮೊದಲನೆಯದು ಸ್ವಲ್ಪ ಕುತಂತ್ರದ ಪ್ರಶ್ನೆ. ತಂಪು ಎಂದು ಬದಲಾಯಿಸಿದರೆ ಶೇಡ್ ಅನ್ನಿಸುತ್ತೆ, ತಪ್ಪೂ ಅಲ್ಲ. ಆದರೆ ಔಷಧಿ ಡಬ್ಬಿಯ ಮೇಲೆ ಸಾಮಾನ್ಯವಾಗಿ ಕಾಣುವುದು ‘ಬಿಸಿಲಿನಿಂದ ದೂರವಿಡಿ’ ಎಂಬ ಅರ್ಥದ ಮಾತೇ.

ನರ್ಸರಿಯ ಚೀಟಿಗಳನ್ನು ಆಮೇಲೆ ಮತ್ತೆ ಬರೆದೆ. ಗಿಡಕ್ಕೆ ತಕ್ಕ ಹಾಗೆ ‘ಫುಲ್ ಶೇಡ್’, ಅರೆ ನೆರಳು ಸಾಕಾದದ್ದಕ್ಕೆ ‘ಪಾರ್ಶಿಯಲ್ ಶೇಡ್’. ಒಂದು ಹಳೆಯ ಚೀಟಿ ಮಾತ್ರ ನೆಂಟರ ಮನೆ ಜಗಲಿಯ ಆಂಥೂರಿಯಂ ಕುಂಡದಲ್ಲಿ ಹಾಗೇ ಉಳಿದಿದೆ. ನಾನು ಹೋದಾಗಲೆಲ್ಲ ಅವರು ಬೇಕೆಂದೇ ಅದರ ಪಕ್ಕ ಬಂದು ನಿಲ್ಲುತ್ತಾರೆ, ‘ನೋಡು, ನನ್ನ ನೆರಳಲ್ಲೇ ಇಟ್ಟಿದೀನಿ’ ಅನ್ನುತ್ತಾರೆ. ಗಿಡ ಚೆನ್ನಾಗೇ ಹೂ ಬಿಟ್ಟಿದೆ.